ಬ್ರುಕ್ನರ್ ಮೌನ ಕೇಳಲು ಗೋಳಗುಮ್ಮಟಕ್ಕೆ ಬನ್ನಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಆಸ್ಟ್ರಿಯಾದ ಸಂಗೀತಗಾರ ಆಂಟನ್ ಬ್ರುಕ್ನರ್ ಬಗ್ಗೆ ಬಂದ ಬರಹ ಓದಿದೆ. ಕನ್ನಡ ಪತ್ರಿಕೆಯಲ್ಲಿ ಅವರ ಹೆಸರು ಕಂಡು ತುಂಬಾ ಖುಷಿಯಾಯಿತು. ಆದರೆ ಓದಿ ಮುಗಿಸುವಷ್ಟರಲ್ಲಿ ಬೇಜಾರೂ ಆಯಿತು. ಹಳ್ಳಿಯ ಪೆದ್ದ, ಏನು ಕಂಡರೂ ಎಣಿಸುತ್ತಾ ಕೂರುವ ಮನುಷ್ಯ, ದೊಡ್ಡವರ ಕೈಗೆ ಬಿಯರ್ ಕುಡಿಯಲು ಕಾಸು ಕೊಟ್ಟವನು, ಬರೀ ಇಂಥ ಕತೆಗಳೇ. ಸಂಗೀತದ ಬಗ್ಗೆ ಇದ್ದದ್ದು ಒಂದೇ ಒಂದು ಮಾತು, ಅವರ ಸಿಂಫನಿಗಳು, ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ಉದ್ದನೆಯ ಕೃತಿಗಳು, ಮಧ್ಯೆ ಮಧ್ಯೆ ನಿಂತುಬಿಡುತ್ತವೆ ಅಂತ. ಆ ಮಾತಿಗಾಗಿಯೇ ಈ ಪತ್ರ.

ನಾನು ವಿಜಯಪುರದವನು, ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಾಗಿದ್ದೆ. ಬ್ರುಕ್ನರ್ ಕೂಡ ಮೊದಲು ಮಾಸ್ತರೇ. 1824ರಲ್ಲಿ ಆನ್ಸ್‌ಫೆಲ್ಡೆನ್ ಅನ್ನುವ ಹಳ್ಳಿಯಲ್ಲಿ ಹುಟ್ಟಿದರು, ಅಪ್ಪನೂ ಶಾಲೆ ಮಾಸ್ತರ. 1837ರಲ್ಲಿ ಅಪ್ಪ ತೀರಿಕೊಂಡ ಮೇಲೆ ಹುಡುಗನನ್ನು ಸೇಂಟ್ ಫ್ಲೋರಿಯನ್ ಮಠದಲ್ಲಿ ಹಾಡುವ ಮಕ್ಕಳ ಜೊತೆ ಬಿಟ್ಟರು. ಹದಿನೇಳಕ್ಕೆ ಒಂದು ಕುಗ್ರಾಮದಲ್ಲಿ ಸಹಾಯಕ ಶಿಕ್ಷಕ. ಪಾಠ ಹೇಳುವುದಷ್ಟೇ ಅಲ್ಲ, ಚರ್ಚಿನ ಗಂಟೆ ಬಾರಿಸಬೇಕು, ಹೊಲದ ಕೆಲಸಕ್ಕೂ ಹೋಗಬೇಕು. ಇಂಥ ಕಡೆಯಿಂದ ಬಂದವರು ಮೂವತ್ತು ದಾಟಿದ ಮೇಲೆ ಲಿಂಝ್ ಊರಿನಿಂದ ವಿಯೆನ್ನಾದ ಗುರು ಸೈಮನ್ ಸೆಕ್ಟರ್ ಅವರಿಗೆ ಅಂಚೆಯಲ್ಲಿ ಪಾಠ ಬರೆದು ಕಳಿಸುತ್ತಾ ಆರು ವರ್ಷ ಕಲಿತರು. ಕಲಿಯುವಾಗ ಸ್ವಂತ ರಚನೆ ಮಾಡಬೇಡ ಅಂತ ಗುರುಗಳ ಕಟ್ಟಪ್ಪಣೆ, ಅದನ್ನೂ ಪಾಲಿಸಿದರು. 1861ರಲ್ಲಿ ಪರೀಕ್ಷೆ ಆದಾಗ ಪರೀಕ್ಷಕರಲ್ಲೊಬ್ಬರಾದ ಹರ್ಬೆಕ್, ಇವರೇ ನಮ್ಮನ್ನು ಪರೀಕ್ಷೆ ಮಾಡಬೇಕಿತ್ತು ಅಂದರು. ಇದನ್ನೆಲ್ಲ ಬಿಟ್ಟು ಪೆದ್ದ ಅಂತ ಬರೆಯುವುದು ಸರಿಯಾ, ಹೇಳಿ.

ಇನ್ನು ನಿಲ್ಲುವ ವಿಷಯ. ಅವರ ಎರಡನೇ ಸಿಂಫನಿಗೆ ವಿಯೆನ್ನಾದ ವಾದಕರು 'ವಿರಾಮದ ಸಿಂಫನಿ' ಅಂತಲೇ ಅಡ್ಡಹೆಸರು ಇಟ್ಟಿದ್ದರು. ನಾನು ಮೊದಲ ಸಲ ಅದನ್ನು ಕೇಳಿದ್ದು ರಾತ್ರಿ ಮಾಳಿಗೆ ಮೇಲೆ, ಮೊಮ್ಮಗನ ಮೊಬೈಲಿನಲ್ಲಿ. ಇಡೀ ವಾದ್ಯವೃಂದ ಏರುತ್ತಾ ಏರುತ್ತಾ ಬಂದು ಗಕ್ಕನೆ ನಿಂತಿತು. ನೆಟ್ ಹೋಯಿತೇನೋ ಅಂತ ಮೊಬೈಲ್ ನೋಡಿದೆ, ಸೆಕೆಂಡು ಓಡುತ್ತಲೇ ಇತ್ತು. ಆಮೇಲೆ ಸಣ್ಣಗೆ ಬೇರೆ ಎಲ್ಲಿಂದಲೋ ಬಂದ ಹಾಗೆ ಇನ್ನೊಂದು ರಾಗ ಶುರು. ಆಗ ನೆನಪಾಗಿದ್ದು ನಮ್ಮ ಗೋಳಗುಮ್ಮಟ.

ಎಷ್ಟೋ ವರ್ಷ ಐದನೇ ಇಯತ್ತೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಲೇ ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಏನೂ ಕೇಳುವುದಿಲ್ಲ, ಬರೀ ಗದ್ದಲ. ಆಗ ಒಬ್ಬಳನ್ನು ಮುಂದೆ ಕರೆದು, ಒಂದೇ ಸಲ ಚಪ್ಪಾಳೆ ಹೊಡಿ, ಹೊಡೆದು ಸುಮ್ನೆ ನಿಲ್ಲು ಅನ್ನುತ್ತಿದ್ದೆ. ಹೊಡೆಯುತ್ತಾಳೆ. ಸದ್ದು ಆ ಕಡೆ ಗೋಡೆಗೆ ಹೋಗಿ ಬರುತ್ತದೆ, ಮತ್ತೆ ಬರುತ್ತದೆ, ಸಣ್ಣದಾಗುತ್ತಾ ಏಳು ಸಲ. ಮಕ್ಕಳು ಬೆರಳು ಮಡಚಿ ಎಣಿಸುತ್ತಾರೆ. ಅದು ಪೂರ್ತಿ ಅಡಗುವ ಮುಂಚೆ ಇನ್ನೊಂದು ಚಪ್ಪಾಳೆ ಬಿತ್ತೋ, ಎರಡೂ ಕಲಸಿ ಹೋಗುತ್ತವೆ.

ಬ್ರುಕ್ನರ್ ಬೆಳೆದದ್ದು ಇಂಥದ್ದೇ ಸದ್ದಿನ ಒಳಗೆ. ಸೇಂಟ್ ಫ್ಲೋರಿಯನ್ ಚರ್ಚಿನ ಆರ್ಗನ್‌ಗೆ ಏಳು ಸಾವಿರಕ್ಕೂ ಜಾಸ್ತಿ ಕೊಳವೆಗಳಿವೆ. ನಮ್ಮ ಪೇಟಿಯ ಹಾಗೆ ಅದೂ ಗಾಳಿಯಿಂದಲೇ ನುಡಿಯುವುದು, ಆದರೆ ಕೈ ಎತ್ತಿದ ಮೇಲೂ ಅಷ್ಟು ಎತ್ತರದ ಕಲ್ಲಿನ ಕಟ್ಟಡದಲ್ಲಿ ಸದ್ದು ತಿರುಗುತ್ತಲೇ ಇರುತ್ತದೆ. ಅದು ಮುಗಿಯುವವರೆಗೆ ಕಾಯುವುದು ಆರ್ಗನ್ ನುಡಿಸುವವರಿಗೆ ರೂಢಿ. ಅದೇ ಕಿವಿ ಇಟ್ಟುಕೊಂಡು ಸಿಂಫನಿ ಬರೆದರು. ಹಾಗಾಗಿ ಆ ಮೌನ ಅಂದರೆ ನಿಂತುಹೋದದ್ದಲ್ಲ, ಹಿಂದಿನ ಸ್ವರಕ್ಕೆ ಕೊಟ್ಟ ಜಾಗ.

ವಿಯೆನ್ನಾದವರಿಗೆ ಇದು ಬಹಳ ದಿನ ಹಿಡಿಸಲಿಲ್ಲ. 1877ರ ಡಿಸೆಂಬರ್ 16ರಂದು ಮೂರನೇ ಸಿಂಫನಿಯನ್ನು ಬ್ರುಕ್ನರ್ ಅವರೇ ವಾದ್ಯವೃಂದದ ಮುಂದೆ ನಿಂತು ನಡೆಸಿದಾಗ ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಗೆ ಉಳಿದಿದ್ದು ಬೆರಳೆಣಿಕೆಯ ಮಂದಿ, ಅವರಲ್ಲಿ ಮುಂದೆ ದೊಡ್ಡ ಸಂಗೀತಗಾರನಾದ ಹದಿನೇಳರ ಹುಡುಗ ಗುಸ್ತಾವ್ ಮಾಲರ್ ಕೂಡ ಇದ್ದ. ಆದರೆ ಅದೇ ಸಿಂಫನಿಯನ್ನು ನಾನು ಅಚ್ಚು ಹಾಕಿಸುತ್ತೇನೆ ಅಂತ ಪ್ರಕಾಶಕ ರೆಟಿಗ್ ಮುಂದೆ ಬಂದರು, ಹಾಕಿಸಿಯೂ ಹಾಕಿಸಿದರು. ಇದು ಬರಹದಲ್ಲಿ ಬರಬೇಕಿತ್ತು. 1884ರ ಕೊನೆಗೆ ಜರ್ಮನಿಯ ಲೈಪ್‌ಸಿಗ್‌ನಲ್ಲಿ ಏಳನೇ ಸಿಂಫನಿ ಜನರ ಮನ ಗೆದ್ದಾಗ ಬ್ರುಕ್ನರ್ ಅವರಿಗೆ ಅರವತ್ತು. ಏಳನೆಯದರ ನಿಧಾನದ ಭಾಗವನ್ನು ಓದುಗರು ದಯವಿಟ್ಟು ಒಮ್ಮೆ ಕೇಳಬೇಕು, ಇಪ್ಪತ್ತು ನಿಮಿಷದ ಮೇಲಿದೆ, ಅವಸರದಲ್ಲಿ ಬೇಡ.

ಆ ಕಾಸಿನ ಕತೆಗೂ ಒಂದು ಮಾತು. 1881ರಲ್ಲಿ ನಾಲ್ಕನೇ ಸಿಂಫನಿಯನ್ನು ವಾದ್ಯವೃಂದ ನಿರ್ದೇಶಕ ಹನ್ಸ್ ರಿಕ್ಟರ್ ನಡೆಸಿಕೊಟ್ಟಾಗ ಬ್ರುಕ್ನರ್ ಸಂತೋಷ ತಡೆಯಲಾರದೆ ಅವರ ಕೈಗೆ ಒಂದು ಬೆಳ್ಳಿ ನಾಣ್ಯ ಇಟ್ಟರು. ನಮ್ಮ ಕಡೆ ಡೊಳ್ಳಿನ ಪದ ಕೇಳುತ್ತಾ ಕೂತ ಹಿರಿಯರು ಎದ್ದು ಬಂದು ಹಾಡುವವನ ಅಂಗಿಗೆ ಹತ್ತರ ನೋಟು ಪಿನ್ ಮಾಡುವುದಿಲ್ವಾ? ಅದನ್ನು ನೋಡಿ ಯಾರೂ ನಗುವುದಿಲ್ಲ. ರಿಕ್ಟರ್ ಕೂಡ ಆ ನಾಣ್ಯವನ್ನು ತಮ್ಮ ಗಡಿಯಾರದ ಸರಪಳಿಗೆ ಹಾಕಿಕೊಂಡು ಓಡಾಡಿದರು.

1896ರಲ್ಲಿ ಬ್ರುಕ್ನರ್ ತೀರಿಕೊಂಡರು, ಒಂಬತ್ತನೇ ಸಿಂಫನಿ ಮುಗಿದಿರಲಿಲ್ಲ. ಅವರ ಆಸೆಯಂತೆ ಸೇಂಟ್ ಫ್ಲೋರಿಯನ್‌ನಲ್ಲಿ ಆ ಆರ್ಗನ್‌ನ ಕೆಳಗೇ ಇಟ್ಟಿದ್ದಾರೆ.

ಪುರವಣಿಯಲ್ಲಿ ಇನ್ನೊಮ್ಮೆ ಅವರ ಬಗ್ಗೆ, ಈ ಸಲ ಸಂಗೀತದ ಬಗ್ಗೆಯೇ ಬರೆಸಿ ಅಂತ ಕೇಳಿಕೊಳ್ಳುತ್ತೇನೆ. ಆ ಲೇಖಕರು ವಿಜಯಪುರಕ್ಕೆ ಬಂದರೆ ಬೆಳಿಗ್ಗೆ ಬೇಗ, ಪ್ರವಾಸದ ಬಸ್ಸುಗಳು ಬರುವ ಮುಂಚೆ, ಗುಮ್ಮಟದ ಮೇಲೆ ನಾನೇ ಕರೆದುಕೊಂಡು ಹೋಗುತ್ತೇನೆ. ಒಂದು ಚಪ್ಪಾಳೆ ಹೊಡೆದು ಇಬ್ಬರೂ ಸುಮ್ನೆ ನಿಲ್ಲೋಣ.

– ನಿವೃತ್ತ ಶಿಕ್ಷಕ, ವಿಜಯಪುರ