ಹೆಸರು ಹೇಳದೆ ಹೊರಟುಹೋದ ಹಿರಿಯರಿಗೆ

ಬಳಸಿದ ಬಲೆನೊ ಆರ್‌ಎಸ್ ಕಾರೊಂದನ್ನು ನೋಡಲು ಮೈಸೂರಿಗೆ ಬಂದಿದ್ದ ನನಗೆ, ಮಾರುವವರ ಮನೆಯೆದುರು ಅಕಸ್ಮಾತ್ತಾಗಿ ನಿಂತು ಒಂದು ಗಂಟೆ ಕಾಲ ನೆರವಾಗಿ, ನಾನು ಹೆಸರು ಕೇಳುವ ಮೊದಲೇ ಸ್ಕೂಟರ್ ಏರಿ ಹೊರಟುಹೋದ ಹಿರಿಯರಾದ ತಮಗೆ ಹೃತ್ಪೂರ್ವಕ ಕೃತಜ್ಞತೆಗಳು.

2017ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಟರ್ಬೊ ಇರುವ 998 ಸಿಸಿ ಪೆಟ್ರೋಲ್ ಎಂಜಿನ್ನಿನ ಚುರುಕಿಗೆ ಮರುಳಾಗಿದ್ದ ನಾನು ಬಣ್ಣದ ಹೊಳಪನ್ನಷ್ಟೇ ನೋಡುತ್ತಿದ್ದೆ. ತಾವಾದರೋ ಮೊದಲು ಬಾನೆಟ್ ತೆರೆಸಿ, ಎಂಜಿನ್ ತಣ್ಣಗಿದೆಯೇ ಎಂದು ಕೈಯಿಟ್ಟು ನೋಡಿದಿರಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ದೋಷಗಳನ್ನು ಮುಚ್ಚಿಡಬಲ್ಲದು ಎಂದಿರಿ. ಮುಂದಿನ ಫೆಂಡರಿನ, ಅಂದರೆ ಚಕ್ರದ ಮೇಲಿನ ತಗಡಿನ, ಬೋಲ್ಟುಗಳ ಮೇಲೆ ಸ್ಪ್ಯಾನರ್ ಆಡಿದ ಗುರುತನ್ನು ತೋರಿಸಿ, ಅದನ್ನು ಹಿಂದೊಮ್ಮೆ ಬಿಚ್ಚಿರಬಹುದೆಂದು ತಿಳಿಸಿ, ಟೈರಿನ ಬದಿಯಲ್ಲಿರುವ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ತಯಾರಾದ ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆಂದು ವಿವರಿಸಿ, ಹೊಸ ಟೈರುಗಳ ವೆಚ್ಚವನ್ನು ಬೆಲೆಯಲ್ಲಿ ಕಳೆಯಲು ಮಾರುವವರನ್ನು ಒಪ್ಪಿಸಿದಿರಿ. (ನನ್ನ ಚೌಕಾಸಿ ತರಕಾರಿ ಸಂತೆಯಲ್ಲೂ ನಡೆಯುವಂಥದ್ದಲ್ಲ.) ಆರ್‌ಸಿಯಲ್ಲಿ ಸಾಲದ ನಮೂದು ಇನ್ನೂ ಉಳಿದಿದ್ದುದನ್ನು ಕಂಡವರೂ ತಾವೇ, ಅದು ರದ್ದಾದ ಬಳಿಕವೇ ನಾನು ಪೂರ್ತಿ ಹಣ ಕೊಟ್ಟು, ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿಸಿಕೊಂಡೆ.

ದೂರದ ಓಟದ ನಂತರ ಎಂಜಿನ್ನನ್ನು ತಕ್ಷಣ ಆರಿಸದೆ, ಟರ್ಬೊ ತಣಿಯಲೆಂದು ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡಬೇಕೆಂಬ ತಮ್ಮ ಮಾತನ್ನು ಇಂದಿಗೂ ಪಾಲಿಸುತ್ತಿದ್ದೇನೆ. ಆಯಿಲ್ ಬದಲಾವಣೆಯನ್ನೂ ಮುಂದೂಡಿಲ್ಲ. ಸಾಮಾನ್ಯ ಬಲೆನೊದಲ್ಲಿಲ್ಲದ ಹಿಂಬದಿಯ ಡಿಸ್ಕ್ ಬ್ರೇಕಿನ ಪ್ಯಾಡುಗಳನ್ನು ಮಾತ್ರ ಹುಡುಕಿ ತರಿಸಬೇಕಾಯಿತು.

ಅಂದು ತಮಗೆ ಕೊಡಿಸಬೇಕೆಂದಿದ್ದ ಕಾಫಿ ಇನ್ನೂ ಬಾಕಿಯಿದೆ.