ಘಾಟಿ ಹತ್ತಿ ಬಂದವರ ಬಗ್ಗೆ ಬರಿ, ತಮ್ಮಾ

ಪ್ರೀತಿಯ ತಮ್ಮ,

ಮೂಡಿಗೆರೆಯಿಂದ ಕರಾವಳಿ ಮೂಲದ ಮುಸ್ಲಿಮರಾದ ಬ್ಯಾರಿಗಳ ಬಗ್ಗೆ ನೀನು ಬರೆದು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಅರ್ಧ ಲೇಖನ ಅರಬ್ ವರ್ತಕರು, ಕರಾವಳಿಗೆ ಇಸ್ಲಾಂ ತಂದರೆಂದು ಹೇಳುವ ಮಾಲಿಕ್ ದೀನಾರ್, ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿ, 644ನೇ ಇಸವಿ, ಇಷ್ಟರಲ್ಲೇ ಮುಗಿದುಹೋಗಿದೆ. ಮಸೀದಿ ಕಟ್ಟಿದ್ದು ಆ ಇಸವಿಯಲ್ಲಿ ಅನ್ನುವುದು ತಲೆಮಾರುಗಳಿಂದ ಬಂದ ನಂಬಿಕೆ. ಹಾಗಂತಲೇ ಬರೆದು ಮುಂದೆ ಹೋಗು. ನಾವೂ ಇಲ್ಲಿಯವರೇ ಅಂತ ಯಾರಿಗೋ ಸಾಬೀತು ಮಾಡುವ ಆತುರ ಆ ಪುಟಗಳಲ್ಲಿ ಕಾಣುತ್ತದೆ, ಓದಿ ಸಂಕಟವಾಯಿತು. ನೀನು ಯಾರ ಮುಂದೆಯೂ ದಾಖಲೆ ಹಿಡಿದು ನಿಲ್ಲಬೇಕಾಗಿಲ್ಲ.

ನನಗೆ ಬೇಕಿರುವುದು ಘಾಟಿ ಹತ್ತಿ ಬಂದವರ ಕಥೆ. ಚಾರ್ಮಾಡಿ ಹತ್ತಿದರೆ ಕೊಟ್ಟಿಗೆಹಾರ, ಶಿರಾಡಿ ಹತ್ತಿದರೆ ಸಕಲೇಶಪುರ. ಉಪ್ಪು, ಒಣಮೀನು ಮೇಲಕ್ಕೆ ಬಂತು; ಅಡಿಕೆ, ಮೆಣಸು, ಏಲಕ್ಕಿ, ಕಾಫಿ ಕೆಳಗಿಳಿಯಿತು. ನಿಮ್ಮ ಅಜ್ಜನ ಕಾಲದವರು ಯಾವ ಸಂತೆಯಲ್ಲಿ ಕೂರುತ್ತಿದ್ದರು, ನಮ್ಮ ಮಲೆನಾಡಿನ ಮಳೆಯಲ್ಲಿ ಒಣಮೀನಿಗೆ ಹುಳ ಬೀಳದಂತೆ ಏನು ಮಾಡುತ್ತಿದ್ದರು, ಬಟವಾಡೆ ಆದ ಮೇಲೆ ಕೊಡ್ತೀನಿ ಅಂದ ತೋಟದ ಆಳಿಗೆ ಎಷ್ಟು ಸಾಲ ಬಿಡುತ್ತಿದ್ದರು, ಇದನ್ನೆಲ್ಲ ಹಿರಿಯರ ಹತ್ತಿರ ಕೂತು ಕೇಳು. ಇದು ಬೇರೆ ಯಾರಿಗೂ ಸಿಗುವುದಿಲ್ಲ.

ಇನ್ನೊಂದು. ಧರ್ಮಾಚರಣೆಯ ಪಂಥದಲ್ಲಿ ಬ್ಯಾರಿಗಳು ಶಾಫಿ, ದಖ್ಖನಿ ಉರ್ದು ಮಾತಾಡುವ ಮುಸ್ಲಿಮರು ಹೆಚ್ಚಾಗಿ ಹನಫಿ. ಶಾಫಿಯವರಿಗೆ ವಸ್ತುವಿನ ನೆರಳು ಅದರಷ್ಟೇ ಉದ್ದ ಬೆಳೆದರೆ ಅಸರ್ ಅನ್ನುವ ಸಂಜೆ ಮುಂಚಿನ ನಮಾಜಿನ ಹೊತ್ತು ಶುರು, ಹನಫಿಯವರಿಗೆ ಎರಡರಷ್ಟು ಬೆಳೆಯಬೇಕು. ಒಬ್ಬರ ಮನೆಯಲ್ಲಿ ಬ್ಯಾರಿ ಭಾಷೆ, ಇನ್ನೊಬ್ಬರ ಮನೆಯಲ್ಲಿ ಉರ್ದು, ಅಂಗಡಿಗೆ ಬಂದರೆ ಇಬ್ಬರದೂ ಕನ್ನಡ. ಹೊರಗಿನವರು ಎಲ್ಲರನ್ನೂ ಒಂದೇ ಗಂಟು ಕಟ್ಟುತ್ತಾರೆ ಸರಿ, ನೀನೂ ಹಾಗೇ ಬರೆದರೆ ಹೇಗೆ?

2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದು, 2011ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಲ್ಲಿ ಬ್ಯಾರಿ ಸಿನಿಮಾಕ್ಕೂ ಪಾಲು ಸಿಕ್ಕಿದ್ದು ದೊಡ್ಡ ವಿಷಯವೇ, ಒಂದು ಪ್ಯಾರಾ ಸಾಕು. ಗಲ್ಫಿಗೆ ಹೋದವರ ಬಗ್ಗೆ ಜಾಸ್ತಿ ಬರೆದಿದ್ದೀಯ. ಆದರೆ ಮನೆಯಲ್ಲಿ ಉಳಿದ ಹೆಂಗಸರು ಎಲ್ಲಿ? ಗಂಡ ದುಬೈಯಲ್ಲಿದ್ದಾಗ ಮನೆ ಕಟ್ಟಿಸಿದವಳು, ಮೇಸ್ತ್ರಿ ಜೊತೆ ಜಗಳ ಆಡಿದವಳು, ಮಗಳನ್ನು ಕಾಲೇಜಿಗೆ ಕಳಿಸಲೇಬೇಕು ಅಂತ ಹಟ ಹಿಡಿದವಳು, ಅವಳಿಲ್ಲದೆ ಈ ಸಮುದಾಯದ ಇವತ್ತಿನ ಬದುಕು ಬರೆಯಲು ಆಗುವುದೇ ಇಲ್ಲ.

ನಿನ್ನ ಉಮ್ಮನಿಂದಲೇ ಶುರು ಮಾಡು. ಮದುವೆಯಲ್ಲಿ ಮೆಹಂದಿ ಹಚ್ಚುವ ಮೈಲಾಂಜಿ ರಾತ್ರಿ ಹೇಳುವ ಹಾಡುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೋ. ಬ್ಯಾರಿಯಲ್ಲಿ ಹೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬ್ಯಾರಿಯಲ್ಲೇ ಇಡು, ಕೆಳಗೆ ಅರ್ಥ ಕೊಡು, ತಿದ್ದಿ ನಯ ಮಾಡಬೇಡ. ಬರೆದ ಮೇಲೆ ಮೊದಲು ಅವರಿಗೇ ಓದಿ ಹೇಳು. ಅವರು ತಪ್ಪು ಅಂದದ್ದನ್ನು ಸರಿ ಮಾಡಿ ನನಗೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ,
ಚಿಕ್ಕಮಗಳೂರು