ಫೋಟೊ ಹಾಕುವ ಮುನ್ನ

ಗೆಳೆಯರೇ, ನಮ್ಮ ಈ ಗುಂಪಿಗೆ ಅಗ್ನಿಶಾಮಕ ದಳದ ಯಾವ ಕೆಂಪು ಗಾಡಿಯ ಫೋಟೊ ಬಂದರೂ ನಾವು ಸುಮ್ನೆ ‘ಫೈರ್ ಟ್ರಕ್’ ಅಂತ ಬರೆದುಬಿಡುತ್ತೇವೆ. ಆದರೆ ಅಮೆರಿಕದ ಅಗ್ನಿಶಾಮಕ ಠಾಣೆಗಳಲ್ಲಿ ಎಂಜಿನ್ ಬೇರೆ, ಟ್ರಕ್ ಬೇರೆ. ನೀರಿನ ಟ್ಯಾಂಕ್, ಪಂಪ್, ಪೈಪ್ ಇರುವುದು ಎಂಜಿನ್. ಉದ್ದನೆಯ ಏಣಿ ಹೊತ್ತಿರುವುದು ಟ್ರಕ್. ದಯವಿಟ್ಟು ನೋಡಿ ಬರೆಯಿರಿ.

ಎಂಜಿನ್ ಸಿಕ್ಕರೆ ಅದರ ಪಂಪ್ ಪ್ಯಾನೆಲ್, ಅಂದರೆ ಪಂಪ್ ನಿಯಂತ್ರಿಸುವ ಫಲಕದ ಫೋಟೊ ಹತ್ತಿರದಿಂದ ತೆಗೆಯಿರಿ. ಸಾಲು ಸಾಲು ಮೀಟರ್, ಹಿಡಿಕೆಗಳು. ಅದರ ಮುಂದೆ ನಿಂತು ಪೈಪಿಗೆ ನೀರು ಬಿಡುವವರನ್ನು ನಂಬಿಯೇ ಉಳಿದವರು ಹೊಗೆಯೊಳಗೆ ನುಗ್ಗುತ್ತಾರೆ. ಎಷ್ಟೋ ಎಂಜಿನ್‌ಗಳ ಟ್ಯಾಂಕ್ 500 ಗ್ಯಾಲನ್ನಿನದು, ಅಂದರೆ ಸುಮಾರು 1,900 ಲೀಟರ್. ನಿಮಿಷಕ್ಕೆ 150 ಗ್ಯಾಲನ್ ಬಿಟ್ಟರೆ ಒಂದೇ ಪೈಪಿಗೂ ಅದು ಮೂರೂವರೆ ನಿಮಿಷ ಸಾಲುವುದಿಲ್ಲ! ಅಷ್ಟರೊಳಗೆ ಹೈಡ್ರಂಟಿನ (ಬೆಂಕಿ ಆರಿಸಲೆಂದೇ ರಸ್ತೆ ಬದಿ ಇರುವ ದೊಡ್ಡ ನಲ್ಲಿಯ) ನೀರು ಸಿಗಬೇಕು.

ಎದೆನೋವು ಅಂತ ಕರೆ ಮಾಡಿದರೆ ಬೆಂಕಿ ಆರಿಸುವ ಗಾಡಿ ಯಾಕೆ ಬರುತ್ತದೆ ಅಂತ ಕೆಲವರು ಕೇಳಿದ್ದಿರಿ. ಅಲ್ಲಿನ ಠಾಣೆಗಳಿಗೆ ಬರುವ ಕರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವೈದ್ಯಕೀಯ ಕರೆಗಳೇ. ಹತ್ತಿರ ಇದ್ದವರು ಮೊದಲು ತಲುಪುತ್ತಾರೆ ಅಲ್ವಾ? ಗಾಡಿಯಲ್ಲಿ ಪ್ಯಾರಾಮೆಡಿಕ್ (ತುರ್ತು ಚಿಕಿತ್ಸೆಯ ತರಬೇತಿ ಪಡೆದವರು), ಆಕ್ಸಿಜನ್, ಡಿಫಿಬ್ರಿಲೇಟರ್ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ಇದ್ದರೆ ಆಂಬುಲೆನ್ಸ್ ಬರುವಷ್ಟರಲ್ಲಿ ಚಿಕಿತ್ಸೆ ಶುರುವಾಗಿರುತ್ತದೆ.

ಮತ್ತೆ, ಸ್ಟ್ರೆಚರ್ ಮೇಲೆ ಮಲಗಿದವರ ಮುಖ ಕಾಣುವ ಫೋಟೊ ಬೇಡವೇ ಬೇಡ. ಹಾಕಿದರೆ ಕೂಡಲೇ ಅಳಿಸುತ್ತೇವೆ.